ಬಾಗಿಲ ಬಳಿಯ ಗಂಟು

ಮನೆಗೊಂದು ಚೀಲ ಸಿದ್ಧಮಾಡಿ ಬಾಗಿಲ ಬಳಿ ತೂಗುಹಾಕಿ, ಅಪಾಯ ಬಂದ ರಾತ್ರಿ ಅದೊಂದನ್ನು ಹೆಗಲಿಗೇರಿಸಿಕೊಂಡು ಮಕ್ಕಳ ಕೈಹಿಡಿದು ಹೊರಡುವಂತಿರಲಿ ಎಂದರೆ ನಗುವವರಿದ್ದಾರೆ. "ಉಟ್ಟ ಬಟ್ಟೆಯನ್ನೇ ಒಗೆದು ಉಡುವವನ ಬಳಿ ಚೀಲದಲ್ಲಿಡಲು ಏನಿದೆ ಮೇಷ್ಟ್ರೇ?" ಎಂದು ಕೇಳುವವರೂ ಇದ್ದಾರೆ. ಇದೆಲ್ಲ ಉಳ್ಳವರ ಹವ್ಯಾಸ ಎಂಬ ಭಾವನೆ ನಮ್ಮ ಕಾರ್ಮಿಕ ಬಂಧುಗಳಲ್ಲಿ ಬಲವಾಗಿ ಕೂತಿದೆ. ಸಂಗತಿ ಇದಕ್ಕೆ ತದ್ವಿರುದ್ಧ ಎಂಬುದು ನನ್ನ ವಾದ. ಉಳ್ಳವನಿಗೆ ಚೀಲ ಬೇಕಾಗಿಲ್ಲ. ಅವನ ಮನೆ ದಿಣ್ಣೆಯ ಮೇಲಿದೆ, ಕಾಗದಪತ್ರ ಬ್ಯಾಂಕಿನ ಲಾಕರಿನಲ್ಲಿದೆ, ಲೆಕ್ಕಪತ್ರ ಆಡಿಟರ ಬೀರುವಿನಲ್ಲಿದೆ, ಹೋದದ್ದಕ್ಕೆಲ್ಲ ವಿಮೆಯಿದೆ. ತಗ್ಗಿನಲ್ಲಿ ಬಾಡಿಗೆಗಿರುವವನ ಸಕಲ ಆಸ್ತಿಯೂ ಒಂದು ಟ್ರಂಕಿನಲ್ಲಿದೆ. ಆ ಟ್ರಂಕು ಮಂಚದ ಕೆಳಗಿದೆ. ನೀರು ಮೊದಲು ನುಗ್ಗುವುದು ಮಂಚದ ಕೆಳಕ್ಕೇ.

ಜಿಲ್ಲೆಯ ಪತ್ರಿಕೆಯಲ್ಲಿ ಬೆಂಗಳೂರಿನ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮ ಊರಿನ ಯಾವ ಬೀದಿಗೆ ಹೋದರೂ ಪೀಣ್ಯದ ಕಾರ್ಖಾನೆಯಲ್ಲೋ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲೋ ದುಡಿಯುವ ಮಗ ಅಥವಾ ಮಗಳಿರುವ ಮನೆ ಸಿಕ್ಕುತ್ತದೆ. ಅವರು ಬಾಡಿಗೆ ಹಿಡಿದಿರುವುದು ಲಗ್ಗೆರೆ, ಕುರುಬರಹಳ್ಳಿ, ಕಾಮಾಕ್ಷಿಪಾಳ್ಯ, ಕೆಂಗೇರಿಗಳ ಸಂದಿಗಳಲ್ಲಿ. ಬೆಂಗಳೂರಿನ ಪಶ್ಚಿಮ ಭಾಗವೆಂದರೆ ಮೊದಲಿನಿಂದಲೂ ದುಡಿಯುವವರ ಭಾಗ. ರಾಜಾಜಿನಗರ ಹುಟ್ಟಿದ್ದೇ 1949ರಲ್ಲಿ, ಕೈಗಾರಿಕಾ ಉಪನಗರವೆಂಬ ಹೆಸರಿನಲ್ಲಿ. ಅತ್ತ ಬಿನ್ನಿ ಮಿಲ್ಲು ಮುಚ್ಚಿತು, ಇತ್ತ ರಾಜಾ ಮಿಲ್ಲು ಮುಚ್ಚಿತು. ಮಿಲ್ಲಿನ ನೆಲದಲ್ಲಿ ಗಗನಚುಂಬಿ ಮನೆಗಳೂ ಮಾಲುಗಳೂ ಎದ್ದವು. ಕಾರ್ಮಿಕ ಮಾತ್ರ ತಗ್ಗಿನಲ್ಲೇ ಉಳಿದ.

ತಗ್ಗು ಎಂಬ ಮಾತನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಮಲ್ಲೇಶ್ವರ, ರಾಜಾಜಿನಗರಗಳ ದಿಣ್ಣೆಯ ಮೇಲೆ ಬಿದ್ದ ಮಳೆ ವೃಷಭಾವತಿಯ ಕಣಿವೆಗೆ ಇಳಿಯುತ್ತದೆ. ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಅದರ ಪ್ರಯಾಣ. ಹಿಂದೆ ಈ ನೀರು ಕೆರೆಯಿಂದ ಕೆರೆಗೆ ನಿಂತು ನಿಂತು ಹರಿಯುತ್ತಿತ್ತು. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಉಳಿದ ಕೆರೆಗಳಲ್ಲಿ ಕೆಲವು ಬಡಾವಣೆಗಳಾದವು, ಕೆಲವು ಆಟದ ಮೈದಾನಗಳಾದವು. ಮಹಾಲೇಖಪಾಲರು, ಅಂದರೆ ಸಿ.ಎ.ಜಿ.ಯವರು, ಬೆಂಗಳೂರಿನ ಮಳೆನೀರು ಕಾಲುವೆಗಳನ್ನು ಕುರಿತು 2021ರಲ್ಲಿ ಒಂದು ವರದಿ ಕೊಟ್ಟರು. ವೃಷಭಾವತಿ ಕಣಿವೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಮಾರು 226 ಕಿಲೋಮೀಟರು ಉದ್ದವಿದ್ದ ಕಾಲುವೆಗಳು 2016-17ರ ಹೊತ್ತಿಗೆ ಸುಮಾರು 112 ಕಿಲೋಮೀಟರಿಗೆ ಇಳಿದಿವೆ ಎಂದು ಅದರಲ್ಲಿದೆ. ಅರ್ಧಕ್ಕರ್ಧ ಕಾಲುವೆ ಮಾಯ! ಕಾಲುವೆಯನ್ನು ನುಂಗಿದವರು ಯಾರೋ, ನುಂಗಲು ಬಿಟ್ಟವರು ಯಾರೋ, ನೀರು ನುಗ್ಗುವುದು ಇನ್ಯಾರದೋ ಮನೆಗೆ.

2017ರ ಅಕ್ಟೋಬರ್ 13ರ ಶುಕ್ರವಾರ ಸಂಜೆ ಹೊಯ್ದ ಮಳೆಯನ್ನು ಕುರುಬರಹಳ್ಳಿಯವರು ಮರೆತಿಲ್ಲ. ರಾಜಕಾಲುವೆ ಉಕ್ಕಿ ಬೀದಿಯೇ ಹೊಳೆಯಾಯಿತು. ದೇವಸ್ಥಾನದ ಅರ್ಚಕರೊಬ್ಬರು ಕೊಚ್ಚಿಹೋದರು. ಒಬ್ಬ ತಾಯಿ ಮತ್ತು ಮಗಳು ಕೊಚ್ಚಿಹೋದರು. ಅದೇ ರಾತ್ರಿ ಲಗ್ಗೆರೆಯ ಕಡೆ ಗೋಡೆ ಕುಸಿದು ಗಂಡಹೆಂಡಿರಿಬ್ಬರು ಸತ್ತರು. ಅದೇ ವರ್ಷದ ಮೇ ತಿಂಗಳಲ್ಲಿ, ಅದೇ ಕುರುಬರಹಳ್ಳಿಯ ಕಾಲುವೆಯಲ್ಲಿ, ಹೂಳೆತ್ತುವ ಕೆಲಸಕ್ಕೆ ಬಂದಿದ್ದ ಕೂಲಿಯವನೊಬ್ಬ ನೀರುಪಾಲಾಗಿದ್ದ. 2020ರ ಜೂನಿನಲ್ಲಿ ಕೆಂಗೇರಿಯ ಬಳಿ ವೃಷಭಾವತಿಯ ತಡೆಗೋಡೆ ಕುಸಿದು ಮೈಸೂರು ರಸ್ತೆಯ ಅಂಚನ್ನೇ ಎಳೆದುಕೊಂಡಿತು. ಅದೇ ವರ್ಷ ಅಕ್ಟೋಬರ್ 23ರಂದು ಹೊಸಕೆರೆಹಳ್ಳಿಯ ದತ್ತಾತ್ರೇಯನಗರದಲ್ಲಿ ನೂರಾರು ಮನೆಗಳಿಗೆ ನೀರು ನುಗ್ಗಿತು. 2022ರ ಮೇ 17ರ ರಾತ್ರಿ ಉಲ್ಲಾಳ ಉಪನಗರದಲ್ಲಿ ಕಾವೇರಿ ನೀರಿನ ಕೊಳವೆ ಹೂಳುತ್ತಿದ್ದ ಇಬ್ಬರು ಕೂಲಿಗಳು, ಬಿಹಾರ ಮತ್ತು ಉತ್ತರಪ್ರದೇಶದಿಂದ ಹೊಟ್ಟೆಪಾಡಿಗೆ ಬಂದವರು, ಮಳೆನೀರಿಗೆ ಸಿಕ್ಕಿ ಸತ್ತರು.

ಇವೆಲ್ಲ ಪತ್ರಿಕೆಯಲ್ಲಿ ಒಂದೆರಡು ದಿನ ಬಂದು ಹೋದ ಸುದ್ದಿಗಳು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ನೀರು ನಿಂತು ಸಾಫ್ಟ್‌ವೇರ್ ಕಂಪನಿಯ ನೌಕರರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದಾಗ ಮಾತ್ರ ದೇಶವಿದೇಶಗಳ ಪತ್ರಿಕೆಗಳೆಲ್ಲ ಅದರ ಚಿತ್ರ ಹಾಕಿದವು. ಆ ನೌಕರರ ಮೇಲೆ ನನಗೆ ಕೋಪವಿಲ್ಲ, ಅವರೂ ದುಡಿದು ತಿನ್ನುವವರೇ. ಕುರುಬರಹಳ್ಳಿಗೆ ಯಾವ ಟ್ರ್ಯಾಕ್ಟರು ಬಂತು ಎಂದಷ್ಟೇ ಕೇಳುತ್ತೇನೆ.

ಅಪಾಯ ನೀರಿನದು ಮಾತ್ರವಲ್ಲ. ಬಸವೇಶ್ವರನಗರದ ಪಕ್ಕದ ಕಮಲಾನಗರದಲ್ಲಿ 2021ರ ಅಕ್ಟೋಬರ್ 12ರ ರಾತ್ರಿ ಒಂದು ಬಹುಮಹಡಿ ಕಟ್ಟಡ ವಾಲತೊಡಗಿತು. ಹಲವು ದಿನಗಳ ಮಳೆಗೆ ಅಡಿಪಾಯ ಸಡಿಲವಾಗಿತ್ತು. ಅದಕ್ಕೆ ಹಿಂದಿನ ಎರಡು ವಾರಗಳಲ್ಲಿ ನಗರದ ಬೇರೆ ಕಡೆ, ಲಕ್ಕಸಂದ್ರದಲ್ಲೂ ಕಸ್ತೂರಿನಗರದಲ್ಲೂ, ಎರಡು ಕಟ್ಟಡಗಳು ಕುಸಿದಿದ್ದವು. ಆದ್ದರಿಂದ ಅಧಿಕಾರಿಗಳು ಈ ಸಲ ತಡಮಾಡಲಿಲ್ಲ. ರಾತ್ರಿಯೇ ಮನೆಮಂದಿಯನ್ನೆಲ್ಲ ಹೊರಗೆ ಕಳಿಸಿದರು, ಮರುದಿನ ಕಟ್ಟಡವನ್ನು ಕೆಡವಿಸಿದರು. ಪ್ರಾಣ ಉಳಿಯಿತು, ಅದು ದೊಡ್ಡ ಮಾತು. ಆದರೆ ಬಂಧುಗಳೇ, ಹತ್ತು ನಿಮಿಷದಲ್ಲಿ ಮನೆ ಬಿಡಿ ಎಂದಾಗ ನಮ್ಮ ಕೈಗೆ ಸಿಕ್ಕುವುದೇನು ಎಂದು ಒಮ್ಮೆ ಯೋಚಿಸಿ. ದೇವರ ಪಟ, ಮೊಬೈಲ್ ಫೋನು, ಮಗುವಿಗೊಂದು ಹೊದಿಕೆ. ಬೆಂಗಳೂರಿನ ವಾಡಿಕೆಯಂತೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟವನ ಕರಾರು ಪತ್ರ ಬೀರುವಿನ ಸೀರೆಗಳ ನಡುವೆ ಉಳಿಯುತ್ತದೆ. ಊರಿನ ಜಮೀನು ಮಾರಿ ಲಕ್ಷಗಟ್ಟಲೆ ಹಣ ತಂದು ಮನೆಯನ್ನು ಭೋಗ್ಯಕ್ಕೆ ಹಾಕಿಕೊಂಡವನ ಪತ್ರವೂ ಅಲ್ಲೇ ಉಳಿಯುತ್ತದೆ. ಕಟ್ಟಡ ಮಣ್ಣಾದ ಮೇಲೆ ಮನೆಯೊಡೆಯನ ಮುಂದೆ ನಿಂತು ಹಣ ಕೇಳಲು ಈ ಪತ್ರವೊಂದೇ ಸಾಕ್ಷಿ. ಇನ್ನು ಉಳಿದಿರುವುದು ಅವನ ಧರ್ಮಬುದ್ಧಿ. ಅದನ್ನು ನಂಬಿ ಎಷ್ಟು ಜನ ಬದುಕಿದ್ದಾರೋ ನೀವೇ ಬಲ್ಲಿರಿ.

ಚೀಲದ ವಿಚಾರದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣ ಇಲ್ಲಿದೆ. ಬಡವನಿಗೆ ಪ್ರಳಯ ಎರಡು ಸಲ ಬರುತ್ತದೆ. ಮೊದಲನೆಯದು ರಾತ್ರಿ, ನೀರಿನ ರೂಪದಲ್ಲಿ. ಎರಡನೆಯದು ಬೆಳಗ್ಗೆ, ಕಡತದ ರೂಪದಲ್ಲಿ. ಮಹಜರು ಬರೆಯಲು ಬಂದ ಅಧಿಕಾರಿ ಆಧಾರ್ ಕೇಳುತ್ತಾನೆ, ಪಡಿತರ ಚೀಟಿ ಕೇಳುತ್ತಾನೆ, ಬ್ಯಾಂಕ್ ಖಾತೆಯ ಸಂಖ್ಯೆ ಕೇಳುತ್ತಾನೆ, ಈ ಮನೆಯಲ್ಲಿ ನೀನೇ ವಾಸವಿದ್ದೆ ಎಂಬುದಕ್ಕೆ ಪುರಾವೆ ಕೇಳುತ್ತಾನೆ. ಕಾಗದವನ್ನು ನೀರು ಒಯ್ದಿದೆ ಎಂದವನಿಗೆ, ನೀರು ಒಯ್ದದ್ದಕ್ಕೆ ಕಾಗದ ತಾ ಎಂಬ ಉತ್ತರ! ಹೊಸಕೆರೆಹಳ್ಳಿಯ ಸಂತ್ರಸ್ತ ಮನೆಗಳಿಗೆ 25 ಸಾವಿರ ರೂಪಾಯಿ ಪರಿಹಾರವನ್ನು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಘೋಷಿಸಿದರು. ಒಳ್ಳೆಯದೇ. ಆದರೆ ಇಂಥ ಹಣ ಮನೆಯೊಡೆಯನಿಗೋ ಬಾಡಿಗೆಯವನಿಗೋ ಎಂಬ ಪ್ರಶ್ನೆ ಎದ್ದಾಗ ಗೆಲ್ಲುವವನು ಕಾಗದ ಇದ್ದವನೇ.

ಕೇಂದ್ರ ಸರ್ಕಾರ ವಿಪತ್ತು ಪರಿಹಾರ ನಿಧಿಗೆ ಮಾಡಿದ ನಿಯಮವನ್ನೂ ಓದುಗರು ತಿಳಿದಿರಬೇಕು. 2022ರಿಂದ 2026ರವರೆಗಿನ ಅವಧಿಗೆ ಬಂದ ಆ ನಿಯಮದಲ್ಲಿ ಬಟ್ಟೆಬರೆ ಕಳೆದುಕೊಂಡ ಕುಟುಂಬಕ್ಕೆ 2,500 ರೂಪಾಯಿ, ಪಾತ್ರೆಪಡಗಕ್ಕೆ ಇನ್ನೊಂದು 2,500 ರೂಪಾಯಿ ಎಂದಿತ್ತು. ಅದು ಕೂಡ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲವೇ ಎರಡು ದಿನಕ್ಕೂ ಹೆಚ್ಚು ಕಾಲ ನೀರಿನಲ್ಲಿ ಮುಳುಗಿರಬೇಕು. ಇದನ್ನು ಬರೆದ ಮಹಾನುಭಾವರು ದೊಡ್ಡ ನದಿಗಳ ಬಯಲನ್ನು ನೋಡಿದ್ದಾರೆಯೇ ಹೊರತು ವೃಷಭಾವತಿಯ ಇಳಿಜಾರನ್ನು ನೋಡಿಲ್ಲ. ಇಲ್ಲಿ ನೀರು ರಾತ್ರಿ ಎಂಟಕ್ಕೆ ನುಗ್ಗಿ ಬೆಳಗಿನ ಜಾವಕ್ಕೆ ಇಳಿದುಹೋಗುತ್ತದೆ. ಅಕ್ಕಿ, ರಾಗಿ, ಹಾಸಿಗೆ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕ ಹಾಳಾಗಲು ಎರಡು ದಿನ ಬೇಕೇ? ಎರಡು ಗಂಟೆ ಸಾಕು.

ಇನ್ನು ಚೀಲದ ಮಾತಿಗೆ ಬರೋಣ. ಹೊಸದನ್ನು ಕೊಳ್ಳಬೇಕಾಗಿಲ್ಲ. ಮಕ್ಕಳ ಹಳೆಯ ಶಾಲಾಚೀಲ ಸಾಕು. ಎರಡು ಹೆಗಲಿಗೂ ಪಟ್ಟಿಯಿದ್ದರೆ ಎರಡೂ ಕೈ ಬಿಡುವಾಗಿರುತ್ತವೆ, ಒಂದರಲ್ಲಿ ಮಗು, ಒಂದರಲ್ಲಿ ಕಂಬಿ. ಅದನ್ನು ಎದೆಯೆತ್ತರದ ಮೊಳೆಗೆ ತೂಗುಹಾಕಿ. ಅಟ್ಟದ ಮೇಲಿಟ್ಟರೆ ಕತ್ತಲಲ್ಲಿ ಏಣಿ ಸಿಗುವುದಿಲ್ಲ, ನೆಲದ ಮೇಲಿಟ್ಟರೆ ಚೀಲವೇ ಮೊದಲು ನೆನೆಯುತ್ತದೆ. ಭಾರ ಎಷ್ಟಿರಬೇಕು? ಮನೆಯಲ್ಲಿ ಯಾರು ಹೆಚ್ಚು ಹೊತ್ತು ಇರುತ್ತಾರೋ ಅವರು ಹೊರುವಷ್ಟು. ಗಂಡಸು ಎರಡನೆಯ ಪಾಳಿಗೆ ಹೋಗಿರುತ್ತಾನೆ. ಹೊರುವವಳು ಹೆಂಗಸು, ಅಥವಾ ಹನ್ನೆರಡು ವರ್ಷದ ಮಗಳು. ಆದ್ದರಿಂದ ಚೀಲ ಕಟ್ಟುವ ದಿನ ಯಜಮಾನರು ಬುದ್ಧಿ ಹೇಳುವುದನ್ನು ಕಡಿಮೆ ಮಾಡಿ ಮನೆಯಾಕೆಯ ಮಾತು ಕೇಳಲಿ.

ಮೊದಲು ಕಾಗದ. ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಕವರು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಇ.ಎಸ್.ಐ. ಚೀಟಿ, ಭವಿಷ್ಯನಿಧಿಯ ಸಂಖ್ಯೆ ಬರೆದ ಹಾಳೆ, ಬಾಡಿಗೆ ಅಥವಾ ಭೋಗ್ಯದ ಕರಾರು, ಒಡವೆ ಅಡವಿಟ್ಟ ಚೀಟಿ, ಮಕ್ಕಳ ಅಂಕಪಟ್ಟಿ, ಜಾತಿ ಪ್ರಮಾಣಪತ್ರ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಕಳೆದುಕೊಂಡ ಹುಡುಗನ ಅಲೆದಾಟವನ್ನು ನಾನು ಮೇಷ್ಟ್ರಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ. ನಕಲು ಪ್ರತಿಗೆ ಅರ್ಜಿ, ಶುಲ್ಕ, ನೋಟರಿ, ದಿನಗೂಲಿ ಬಿಟ್ಟು ಓಡಾಟ, ಅಷ್ಟರಲ್ಲಿ ಕೆಲಸ ಇನ್ನೊಬ್ಬನ ಪಾಲು. ಎಲ್ಲ ಮೊಬೈಲಿನಲ್ಲಿದೆ ಎನ್ನುವ ತರುಣರಿಗೆ ಒಂದು ಮಾತು. ಡಿಜಿಲಾಕರ್ ಒಳ್ಳೆಯದೇ, ಅದರಲ್ಲೂ ಇಡಿ. ಆದರೆ ಫೋನು ನೆನೆದರೆ, ಬ್ಯಾಟರಿ ಸತ್ತರೆ ಆ ರಾತ್ರಿ ಅದೊಂದು ಗಾಜಿನ ಬಿಲ್ಲೆ. ಅಲ್ಲದೆ ಭೋಗ್ಯದ ಕರಾರನ್ನೂ ಅಡವಿನ ಚೀಟಿಯನ್ನೂ ಯಾವ ಸರ್ಕಾರವೂ ಡಿಜಿಲಾಕರಿನಲ್ಲಿ ತಂದಿಡುವುದಿಲ್ಲ. ನಾಲ್ಕು ಮುಖ್ಯ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಡಿ, ಸ್ವಂತ ಮಗನ ನಂಬರೂ ಬಾಯಿಪಾಠವಿಲ್ಲದ ಕಾಲ ಇದು. ತುರ್ತಿಗೆ 112, ವಿದ್ಯುತ್ ತಂತಿ ಬಿದ್ದರೆ ಬೆಸ್ಕಾಂನ 1912.

ಕಾಗದ ಆದ ಮೇಲೆ ಔಷಧಿ. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ ನುಂಗುವ ಮಾತ್ರೆ ಒಂದು ವಾರಕ್ಕಾಗುವಷ್ಟು, ಜೊತೆಗೆ ವೈದ್ಯರ ಚೀಟಿಯ ಪ್ರತಿ. ತಿಂಗಳಿಗೊಮ್ಮೆ ಹೊಸ ಮಾತ್ರೆ ತಂದಾಗ ಚೀಲದ ಹಳೆಯದನ್ನು ನುಂಗಿ ಹೊಸದನ್ನು ಅಲ್ಲಿಡಿ. ಅಜ್ಜಿಯ ಹಳೆಯ ಕನ್ನಡಕ, ಬೇಧಿಗೆ ಓ.ಆರ್.ಎಸ್. ಪುಡಿ, ಗಾಯಕ್ಕೆ ಹಚ್ಚುವ ಮುಲಾಮು, ಒಂದು ಸೋಪು. ವೃಷಭಾವತಿಯಲ್ಲಿ ಹರಿಯುವುದು ಮಳೆನೀರಲ್ಲ, ನಗರದ ಕೊಳಚೆ ಮತ್ತು ಕಾರ್ಖಾನೆಯ ಕಲ್ಮಷ. ಅದರಲ್ಲಿ ನಡೆದ ಕಾಲನ್ನು ತೊಳೆಯದೆ ಮಲಗಿದರೆ ಇಲಿಜ್ವರಕ್ಕೆ ಕದ ತೆರೆದಂತೆ. ಹೆಣ್ಣುಮಕ್ಕಳಿಗೆ ಬೇಕಾದ ಪ್ಯಾಡು, ಬಟ್ಟೆ ಇಡುವುದಕ್ಕೆ ಯಾರೂ ನಾಚಬೇಕಾಗಿಲ್ಲ. ಶಾಲೆಯ ಕೊಠಡಿಯಲ್ಲಿ ನೂರು ಜನರ ನಡುವೆ ಅದನ್ನು ಯಾರ ಬಳಿ ಕೇಳಬೇಕು?

ತಿನ್ನಲು ನಮ್ಮ ರಾಗಿ ಹುರಿಹಿಟ್ಟಿಗಿಂತ ಒಳ್ಳೆಯದಿಲ್ಲ. ಒಲೆ ಬೇಡ, ಬೆಲ್ಲ ನೀರು ಕಲಸಿದರೆ ಆಯಿತು. ಹುರಿಗಡಲೆ, ಅವಲಕ್ಕಿ, ಹಾಲುಗೂಸಿದ್ದರೆ ಹಾಲಿನ ಪುಡಿ. ನೀರು ಎರಡು ಬಾಟಲಿ, ಹೆಚ್ಚು ಬೇಡ, ಒಂದು ಲೀಟರಿಗೆ ಒಂದು ಕಿಲೋ ಭಾರ. ಟಾರ್ಚು, ಒಂದು ವಿಷಲ್ಲು, ತೆಳ್ಳನೆಯ ಹೊದಿಕೆ, ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ. ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಐನೂರು ರೂಪಾಯಿ. ಕರೆಂಟು ಹೋಗಿ ಟವರು ನಿಂತ ರಾತ್ರಿ ಆಟೋದವನು ಫೋನಿನ ಹಣ ತೆಗೆದುಕೊಳ್ಳಲಾರ. ಆ ಐನೂರನ್ನು ತಿಂಗಳ ಕೊನೆಗೆ ಎರವಲು ಪಡೆಯುವ ಆಸೆ ಹುಟ್ಟುತ್ತದೆ, ಅದು ಸಹಜ. ತೆಗೆದರೆ ಸಂಬಳದ ದಿನ ಮೊದಲು ಅಲ್ಲಿಗೆ ಹಾಕಿ. ಹೊರಡುವಾಗ ಗ್ಯಾಸಿನ ರೆಗ್ಯುಲೇಟರು, ಕರೆಂಟಿನ ಮೇನ್ ಸ್ವಿಚ್ಚು ಆರಿಸುವುದನ್ನು ಮಕ್ಕಳಿಗೂ ಕಲಿಸಿರಿ. ಸ್ವಿಚ್ಚಿನ ಬಳಿ ನೀರು ನಿಂತಿದ್ದರೆ ಮಾತ್ರ ಅದರ ಹತ್ತಿರ ಸುಳಿಯಬೇಡಿ. ಒಮ್ಮೆ ಹೊರಬಿದ್ದ ಮೇಲೆ ಟಿ.ವಿ.ಗಾಗಿ ಒಳಗೆ ಹೋಗಬಾರದು, ಸರಕ್ಕಾಗಿಯೂ ಹೋಗಬಾರದು.

ಅಂಗಡಿಯ ಬಂಧುಗಳಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದಿದೆ. ಸಣ್ಣ ಕಿರಾಣಿ ಅಂಗಡಿಯವನ ನಿಜವಾದ ಬಂಡವಾಳ ಅಕ್ಕಿ ಮೂಟೆಯಲ್ಲ, ಉದ್ರಿ ಪುಸ್ತಕ. ಮೂಟೆ ನೆನೆದರೆ ಒಂದು ತಿಂಗಳ ನಷ್ಟ. ಉದ್ರಿ ಪುಸ್ತಕದ ಮಸಿ ಕದಡಿದರೆ ಬೀದಿಯವರೆಲ್ಲ ನಿಮಗೆ ಕೊಡಬೇಕಾದದ್ದು ಗಂಗಾರ್ಪಣ. ವಾರಕ್ಕೊಮ್ಮೆ ಅದರ ಪುಟಗಳ ಫೋಟೋ ತೆಗೆದು ಬೇರೆ ಬಡಾವಣೆಯಲ್ಲಿರುವ ಬಂಧುವೊಬ್ಬರಿಗೆ ಕಳಿಸಿ. ಮಳೆಗಾಲದಲ್ಲಿ ರಾತ್ರಿ ಬಾಗಿಲು ಹಾಕುವಾಗ ಪುಸ್ತಕ ಮನೆಗೆ ಬರಲಿ. ಗಲ್ಲಾಪೆಟ್ಟಿಗೆಗೆ ತೋರಿಸುವ ಎಚ್ಚರದಲ್ಲಿ ಅರ್ಧದಷ್ಟು ಸಾಕು. ಬೀದಿಯಲ್ಲಿ ಹೂವು, ತರಕಾರಿ ಮಾರುವವರು 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ಮೇರೆಗೆ ಪಡೆದ ಗುರುತಿನ ಚೀಟಿಯನ್ನು ಚೀಲದಲ್ಲಿಡಿ. ಮಳೆಯ ನೆಪದಲ್ಲಿ ಜಾಗ ಖಾಲಿ ಮಾಡಿಸಲು ಹೊಂಚುವವರು ಬಹಳ.

ಇಷ್ಟು ಹೇಳಿದ ಮೇಲೆ ಸಂಗಾತಿಗಳಿಂದ ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. "ಕಾಲುವೆ ಕಟ್ಟುವುದು ಸರ್ಕಾರದ ಕೆಲಸ. ನೀವು ಬಡವನಿಗೆ ಚೀಲ ಕಟ್ಟು ಎನ್ನುತ್ತೀರಿ. ನಾಳೆ ಮಂತ್ರಿಗಳು, ಚೀಲ ಕಟ್ಟದೆ ಸತ್ತ, ನಾವೇನು ಮಾಡೋಣ ಎನ್ನುವುದಿಲ್ಲವೇ?" ಎನ್ನುವರು. ಖಂಡಿತ ಎನ್ನುತ್ತಾರೆ. ಹಾಗೆಂದು ಚೀಲ ಬಿಟ್ಟರೆ ಕಾಲುವೆ ಅಗಲವಾಗುತ್ತದೆಯೇ? ಗಿರಣಿಯಲ್ಲಿ ಸುರಕ್ಷತೆ ಮಾಲೀಕನ ಹೊಣೆ ಎಂದು ಹೋರಾಡುವ ಕಾರ್ಮಿಕ ಯಂತ್ರದ ಪಟ್ಟಿಯ ಬಳಿ ಪಂಚೆ ಇಳಿಬಿಟ್ಟು ನಿಲ್ಲುವುದಿಲ್ಲ. ಚೀಲದಲ್ಲಿರುವ ಕಾಗದ ಪರಿಹಾರ ಕೇಳಲು ಹೋಗುವವನ ಕೈಯ ಆಯುಧವೂ ಹೌದು. ನೀರು ಎಲ್ಲಿಯವರೆಗೆ ಬಂತೆಂದು ಗೋಡೆಯ ಕಲೆಯ ಫೋಟೋ ತೆಗೆದು, ದಿನಾಂಕ ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿದ ಹಾಳೆಯನ್ನು ಮೇಜಿನ ಮೇಲಿಟ್ಟಾಗ ಗುಮಾಸ್ತನ ಧ್ವನಿ ತಗ್ಗುತ್ತದೆ.

ಇದು ಪರದೇಶದ ಹೊಸ ಶೋಕಿ ಎಂದೂ ಭಾವಿಸಬೇಡಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಅದರ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಇಲಿ ಬಿತ್ತೆಂದರೆ ಊರು ಬಿಟ್ಟು ಬಯಲಿನ ಜೋಪಡಿಗೆ ಹೋಗುವುದು ಮೈಸೂರು ಸೀಮೆಯ ಹಳ್ಳಿಹಳ್ಳಿಯ ಅನುಭವ. ಗಂಟುಮೂಟೆ ಕಟ್ಟುವುದನ್ನು ನಮ್ಮ ಮುತ್ತಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. 1923ರ ಭೂಕಂಪದ ನೆನಪಿಗಾಗಿ ಜಪಾನಿನವರು ಪ್ರತಿ ಸೆಪ್ಟೆಂಬರ್ 1ರಂದು ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ತಾಲೀಮು ಮಾಡಿಸುತ್ತಾರೆ, ಹೊತ್ತು ಹೊರಡುವ ಚೀಲ ಅಲ್ಲಿನ ಮನೆಗಳಲ್ಲಿ ಸಾಮಾನ್ಯ ಸಂಗತಿ. ಕ್ಯೂಬಾದಲ್ಲಿ 1963ರ ಫ್ಲೋರಾ ಚಂಡಮಾರುತಕ್ಕೆ ಸಾವಿರಕ್ಕೂ ಹೆಚ್ಚು ಜನ ಬಲಿಯಾದ ಮೇಲೆ ಬೀದಿಬೀದಿಗೂ ರಕ್ಷಣಾ ವ್ಯವಸ್ಥೆ ಬಂತು. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ, ಯಾವ ಮನೆಯಲ್ಲಿ ಬಸುರಿ ಇದ್ದಾಳೆ ಎಂಬ ಪಟ್ಟಿ ಬೀದಿಯವರ ಕೈಯಲ್ಲೇ ಇರುತ್ತದೆ. ನಮ್ಮ ದೇಶದ ಒಡಿಶಾ ಏನು ಕಡಿಮೆ? 1999ರ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತ ಆ ರಾಜ್ಯ 2013ರಲ್ಲಿ ಫೈಲಿನ್ ಬಂದಾಗ ಹತ್ತಿರ ಹತ್ತಿರ ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಿತು, ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಅಲ್ಲಿ ಚೀಲ ಹೊತ್ತವನಿಗೆ ಹೋಗಲು ಜಾಗವಿತ್ತು.

ಕುರುಬರಹಳ್ಳಿಯಲ್ಲಿ ಚೀಲ ಹೊತ್ತು ಹೊರಬಂದವಳು ಎಲ್ಲಿ ಹೋಗಬೇಕು? ನಾವು ಕೇಳಬೇಕಾದ ಪ್ರಶ್ನೆ ಇದು. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯನ್ನು ಐದಾಗಿ ಒಡೆದು ಪಶ್ಚಿಮಕ್ಕೇ ಒಂದು ನಗರ ಪಾಲಿಕೆಯನ್ನು ಕೊಟ್ಟಿದ್ದಾರೆ. ಆ ಪಾಲಿಕೆ ಪ್ರತಿ ವಾರ್ಡಿನಲ್ಲಿ ಎತ್ತರದ ಜಾಗದ ಒಂದು ಶಾಲೆಯನ್ನೋ ಕಲ್ಯಾಣಮಂಟಪವನ್ನೋ ಗೊತ್ತುಮಾಡಿ, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಬೀದಿಯ ಗೋಡೆಗೆ ಬರೆಸಲಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಮಳೆಯ ಮುನ್ಸೂಚನೆಗೆ 'ಮೇಘ ಸಂದೇಶ' ಎಂಬ ಆ್ಯಪ್ ಮಾಡಿದ್ದಾರೆ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರಗಳನ್ನೂ ಇಟ್ಟಿದ್ದಾರೆ. ಮೆಚ್ಚತಕ್ಕ ಕೆಲಸ. ಆದರೆ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳು ಆ್ಯಪ್ ನೋಡುತ್ತಾಳೆಯೇ? ಆ ಯಂತ್ರ ಅಪಾಯ ಎಂದ ಕ್ಷಣ ಬೀದಿಯಲ್ಲಿ ಸೈರನ್ ಕೂಗಲಿ. ಮೂರು ಪಾಳಿಗೂ ಕಾರ್ಖಾನೆಯ ಸೈರನ್ ಕೂಗಿಸಲು ಬಂದವರಿಗೆ ಇದು ಅಸಾಧ್ಯವೇ? ಪರಿಹಾರಕ್ಕೆ ಎರಡು ದಿನದ ಮುಳುಗಡೆ ಎಂಬ ನಿಯಮ ಹೋಗಲಿ, ಕಾಗದ ಕಳೆದವನಿಗೆ ಐದು ಮನೆಯವರ ಸಾಕ್ಷಿಯನ್ನು ಒಪ್ಪಲಿ.

ಅದೆಲ್ಲ ಆಗುವವರೆಗೆ ಬೀದಿಯವರೇ ಕೂಡಿ ಮಾಡಿಕೊಳ್ಳಬಹುದಾದದ್ದೂ ಇದೆ. ಒಂದು ಭಾನುವಾರ ಸಂಜೆ ಹತ್ತು ಮನೆಯವರು ಸೇರಿ, ಯಾವ ಮೇಲ್ಮಹಡಿಯವರು ಬಾಗಿಲು ತೆರೆಯುತ್ತಾರೆ, ಯಾವ ಅಜ್ಜಿಯನ್ನು ಯಾವ ಹುಡುಗರು ಎತ್ತಬೇಕು, ವಿಷಲ್ಲು ಊದುವವರು ಯಾರು ಎಂದು ಮಾತಾಡಿಕೊಂಡರೆ ಸಾಕು. ಬಿಹಾರದಿಂದ ಬಂದು ಹಿಂದಿನ ಶೆಡ್ಡಿನಲ್ಲಿ ಮಲಗುವ ಹುಡುಗರನ್ನೂ ಕರೆಯಿರಿ. ನೀರಿಗೆ ಭಾಷೆಯಿಲ್ಲ.

ಇನ್ನು ಊರಿನಲ್ಲಿರುವ ನಮ್ಮ ಕೆಲಸ. 2022ರ ಆಗಸ್ಟಿನ ಕೊನೆಗೆ ರಾಮನಗರದಲ್ಲಿ ಕೆರೆ ಒಡೆದು ಮನೆಗಳಿಗೆ ನೀರು ನುಗ್ಗಿದ್ದನ್ನು ನೋಡಿದವರು ಇದು ರಾಜಧಾನಿಯವರ ಕಷ್ಟ ಮಾತ್ರ ಎನ್ನಲಾರರು. ಆದ್ದರಿಂದ ಇಲ್ಲಿಯೂ ಒಂದು ಚೀಲವಿರಲಿ. ಅದರ ಜೊತೆಗೆ, ಬೆಂಗಳೂರಿನಲ್ಲಿರುವ ಮಕ್ಕಳು ತಮ್ಮ ಕಾಗದಗಳದೆಲ್ಲ ಒಂದೊಂದು ಜೆರಾಕ್ಸ್ ಪ್ರತಿಯನ್ನು ತಂದು ತಾಯಿಯ ಬಳಿ ಕೊಟ್ಟು ಹೋಗಲಿ. ತಾವು ಹೋಗುವಾಗ ಇಲ್ಲಿನ ಪಹಣಿ, ಪಟ್ಟಾ ಪುಸ್ತಕಗಳ ಪ್ರತಿಯನ್ನು ಒಯ್ಯಲಿ. ಗೌರಿ ಹಬ್ಬದವರೆಗೆ ಕಾಯಬೇಡಿ, ಯುಗಾದಿಗೆ ಬಂದಾಗಲೇ ತರಲು ಹೇಳಿ. ಬೆಂಗಳೂರಿಗೆ ಮೇ ತಿಂಗಳಿಗೇ ಗುಡುಗು ಮಳೆ.